ಹುಲಿಯ ಪಾಲು

ಬೇತಮಂಗಲದ ಕೆರೆಯ ಏರಿಯ ಮೇಲೆ, ಪಾಲಾರ್ ನದಿಯ ನೀರು ಸಂಜೆಯ ಬೆಳಕಿಗೆ ತಾಮ್ರವರ್ಣವನ್ನು ತಾಳುತ್ತಿದ್ದ ವೇಳೆಯಲ್ಲಿ, ಹುರಿಗಡಲೆಯ ಪೊಟ್ಟಣವನ್ನು ಬಿಚ್ಚುತ್ತ ಶೆಟ್ಟರು ತಮ್ಮ ನೂತನ ಧರ್ಮಸಂಕಲ್ಪವನ್ನು ಮೇಷ್ಟರಿಗೆ ನಿವೇದಿಸಿದರು.

“ನಮ್ಮ ಚಕ್ಕುಲಿಯ ಪೊಟ್ಟಣದ ಮೇಲೆ ಹುಲಿಯ ಚಿತ್ರವನ್ನು ಅಚ್ಚುಹಾಕಿಸಿ, ಒಂದೊಂದಕ್ಕೆ ಐದು ಪೈಸೆಯನ್ನು ವನ್ಯವ್ಯಾಘ್ರಗಳ ರಕ್ಷಣೆಗೆ ಮೀಸಲಿಡುವೆನು, ಮೇಷ್ಟ್ರೇ.”

“ಸಾಧು! ಪೊಟ್ಟಣದ ಬೆಲೆ?”

“ಒಂದು ರೂಪಾಯಿ ಏರುವುದು. ಧರ್ಮಕಾರ್ಯವಲ್ಲವೇ!”

“ಉಳಿದ ತೊಂಬತ್ತೈದು ಪೈಸೆ?”

“ಶಾಮಿಯಾನ, ಹಾರ, ಮಂತ್ರಿಗಳಿಗೆ ಫಲತಾಂಬೂಲ, ಮಿಕ್ಕದ್ದು ನನಗೆ.”

(ಈ ಕೆರೆಯ ನೀರನ್ನು ಚಿನ್ನದ ಗಣಿಗೆ ಕೊಟ್ಟು ಚಿನ್ನವನ್ನು ಕಾಣದೆ ಉಳಿದ ಊರಿಗೆ ಇಂಥ ಪಾಲುದಾರಿಕೆಯ ಲೆಕ್ಕ ಹೊಸದಲ್ಲ.)

“ಶೆಟ್ಟರೇ, 2010ರಲ್ಲಿ ಏರ್‌ಸೆಲ್ ಎಂಬ ದೂರವಾಣಿ ಸಂಸ್ಥೆಯು, ಹುಲಿಗಳು 1411 ಮಾತ್ರ ಉಳಿದಿವೆಯೆಂದು ದೇಶವೆಲ್ಲ ಸಾರಿತು. 2022ರ ಗಣತಿಯ ವೇಳೆಗೆ ಹುಲಿಗಳು ಮೂರು ಸಾವಿರವನ್ನು ಮೀರಿದುವು, ಕರ್ನಾಟಕವೊಂದರಲ್ಲೇ 563. ಸಂಸ್ಥೆಯೋ 2018ರಲ್ಲೇ ದಿವಾಳಿಯೆದ್ದಿತ್ತು.”

“ಅಯ್ಯೋ! ಹುಲಿಯನ್ನು ಕಾಯುವವರು ಕೆಡುವರೇ?”

“ಹಾಗಲ್ಲ. ಹುಲಿಯು ಜಾಹೀರಾತನ್ನು ಓದುವುದಿಲ್ಲವೆಂದಷ್ಟೇ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದಲ್ಲಿ, ಬೇಸಗೆಗೆ ಮುನ್ನ ಬೆಂಕಿರೇಖೆ ತೆಗೆದು, ರಾತ್ರಿಯೆಲ್ಲ ಗಸ್ತು ತಿರುಗುವ ಕಾವಲುಗಾರನ ಬೂಟಿನ ಅಟ್ಟೆ ಸವೆಯುತ್ತದೆ. ಹುಲಿ ರಕ್ಷಿತಾರಣ್ಯಗಳಿಗೆ ಕಾನೂನಿನನ್ವಯ ಪ್ರತಿಷ್ಠಾನಗಳಿವೆ. ದಾನವನ್ನು ಅಲ್ಲಿಗೇ ಸಲ್ಲಿಸಿ, ಆ ಬೂಟಿಗೆಂದು ಹೇಳಿ.”

“ಬೂಟಿನ ಮೇಲೆ ಅಂಗಡಿಯ ಹೆಸರು ಹಾಕಿಸಬಹುದೋ?”

“ಅಟ್ಟೆಯಡಿಗೆ ಹಾಕಿಸಿ, ಕೆಸರಿನಲ್ಲಿ ಮೂಡಿದ್ದನ್ನು ಹುಲಿಯೇ ಓದಿಕೊಂಡೀತು.”

ಶೆಟ್ಟರು ಬರಿದಾದ ಪೊಟ್ಟಣವನ್ನು ಮಡಿಚಿ ಜೇಬಿಗಿಟ್ಟು ಎದ್ದರು. ಚಕ್ಕುಲಿಯ ಬೆಲೆ ಮರುದಿನವೇ ಒಂದು ರೂಪಾಯಿ ಏರಿತು. ಹುಲಿಯ ಚಿತ್ರ ಇನ್ನೂ ಬಂದಿಲ್ಲ.