ಜಮಾಬಂದಿ ಕಾಕಾ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾರ್ಷಿಕ ಸಭೆ ಎಂದರೆ ಸಮೋಸ ಬರುವಷ್ಟರಲ್ಲಿ ಮುಗಿಸಬೇಕಾದ ಒಂದು ವಿಧಿ. ಖಜಾಂಚಿ ಪರದೆಯ ಮೇಲೆ ಅಂಕಿಗಳನ್ನು ಓಡಿಸುತ್ತಾರೆ. ಒಬ್ಬರು ಪಾರ್ಕಿಂಗ್ ಬಗ್ಗೆ, ಇನ್ನೊಬ್ಬರು ನಾಯಿ ಬಗ್ಗೆ ಜಗಳ ತೆಗೆಯುತ್ತಾರೆ. ಆ ಗದ್ದಲದಲ್ಲೇ ಲೆಕ್ಕ ಪಾಸಾಗುತ್ತದೆ. ನಮ್ಮಲ್ಲಿ ಮಾತ್ರ ಸಮೋಸ ಆರಿ ತಣ್ಣಗಾಗುತ್ತದೆ. ಏಕೆಂದರೆ ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ: “ತಮ್ಮಾ, ಜರಾ ನಿಂದರು. ಹಿಂದಿನ ಹಾಳಿಗಿ ಹೋಗು.”

ಅವರೇ ಜಮಾಬಂದಿ ಕಾಕಾ. ಆಳಂದ ತಾಲ್ಲೂಕಿನ ಸರಸಂಬಾದವರು. ಪಂಚಾಯ್ತಿ ಕಾರ್ಯದರ್ಶಿಯಾಗಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನೀರು ಕುಡಿದು ನಿವೃತ್ತರಾದವರು. ಊರಲ್ಲಿ ಶಹಾಬಾದಿ ಫರಸಿ ಹಾಸಿದ ಮನೆ ಇದ್ದರೂ, ಮೊಮ್ಮಗಳ ಸಲುವಾಗಿ ನಿವೃತ್ತಿಯ ಹಣವನ್ನು ಮಗನ ಸಾಲಕ್ಕೆ ಸೇರಿಸಿ ಇಲ್ಲಿ ಫ್ಲ್ಯಾಟ್ ಕೊಂಡರು. ಕ್ರಯಪತ್ರದಲ್ಲಿ ಮೊದಲ ಹೆಸರು ತಮ್ಮದೇ ಇರಬೇಕೆಂದು ಹಟ ಹಿಡಿದದ್ದು ಯಾಕೆಂದು ಆಗ ಮಗನಿಗೆ ತಿಳಿದಿರಲಿಲ್ಲ. ಈಗ ಇಡೀ ಅಪಾರ್ಟ್‌ಮೆಂಟಿಗೆ ತಿಳಿದಿದೆ. ಮಾಲೀಕರಾಗದವರಿಗೆ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿಲ್ಲ.

ಪಂಚಾಯ್ತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಬಂದ ದುಡ್ಡೆಷ್ಟು, ಹೋದದ್ದೆಲ್ಲಿಗೆ ಎಂದು ಊರವರೆದುರು ಪುಸ್ತಕ ಬಿಚ್ಚಿಡುವ ದಿನ ಅದು. ಕಾಕಾ ಆಯುಷ್ಯವಿಡೀ ಆ ಮೇಜಿನ ಒಳಬದಿಗೆ ಕೂತು ಪ್ರಶ್ನೆಗಳಿಂದ ನುಣುಚಿಕೊಂಡವರು. ಈಗ ಹೊರಬದಿಗೆ ಬಂದಿದ್ದಾರೆ. ಇಂಥವರ ಎದುರು ಕೂರುವ ಕರ್ಮ ನಿರ್ವಹಣಾ ಕಂಪನಿಯ ಮ್ಯಾನೇಜರನದು. ಟೈ ಕಟ್ಟಿದ, ವಿನಯದ ಹುಡುಗ.

“ಸರ್, ಹೆಡ್ ಆಫೀಸಿಗೆ ಮೇಲ್ ಹಾಕಿದೀವಿ.”

“ನಾನೂ ಹಿಂಗೇ ಅಂತಿದ್ದೆ, ಕಡತ ಜಿಲ್ಲಾ ಪಂಚಾಯ್ತಿಗಿ ಹೋಗ್ಯಾದ ಅಂತ. ಅದು ನನ್ನ ಟ್ರಂಕಿನ್ಯಾಗ ಇರ್ತಿತ್ತು.”

“ಮುಂದಿನ ಮೀಟಿಂಗಲ್ಲಿ ಪ್ರೆಸೆಂಟ್ ಮಾಡ್ತೀವಿ ಸರ್.”

“ಅಂದ್ರ ವೋಚರ್ ಇಲ್ಲ. ಬರ್ಕೋತೀನಿ.”

ಲಿಫ್ಟ್ ಕೆಟ್ಟು ನಿಂತಾಗ ಆ್ಯಪಿನಲ್ಲಿ ದೂರು ಕೊಟ್ಟರೆ, ಸಂಜೆಯೊಳಗೆ ‘ಪರಿಹರಿಸಲಾಗಿದೆ’ ಎಂಬ ಹಸಿರು ಟಿಕ್ಕು ಬಂತು. ಲಿಫ್ಟ್ ಬರಲಿಲ್ಲ. ನಾವೆಲ್ಲ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಶಾಪ ಹಾಕುತ್ತಿದ್ದರೆ ಕಾಕಾ ಮೆಚ್ಚುಗೆಯಿಂದ ತಲೆದೂಗಿದರು. “ನಮ್ಮ ಕಾಲದಾಗ ಬೋರ್‌ವೆಲ್ ಕಾಗದದಾಗ ಕೊರಿಯಾಕ ಆರ್ ತಿಂಗಳು ಬೇಕಾಗ್ತಿತ್ತು. ಇವ್ರು ಒಂದ್ ದಿನದಾಗ ಮುಗಿಸ್ಯಾರ ನೋಡ್ರಿ!”

ಒಂದು ರಾತ್ರಿ ಎರಡು ಗಂಟೆಗೆ ಅವರು ಟಾರ್ಚ್ ಹಿಡಿದು ಗೇಟಿನಿಂದ ಗೇಟಿಗೆ ನಡೆದರು. ಕಂಪನಿ ಬಿಲ್ಲು ಹಾಕಿದ್ದು ಹನ್ನೆರಡು ಸೆಕ್ಯುರಿಟಿಯವರಿಗೆ. ಸಿಕ್ಕವರು ಒಂಬತ್ತು, ಅದರಲ್ಲಿ ಎಚ್ಚರವಿದ್ದವರು ನಾಲ್ಕು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಕಂಡ ಕಣ್ಣಿಗೆ ಇದೇನು ಹೊಸದಲ್ಲ. ಬೆಳಿಗ್ಗೆ ಮ್ಯಾನೇಜರನ ಹೆಗಲ ಮೇಲೆ ಕೈ ಹಾಕಿ, “ಆ ಮೂರ್ ಮಂದಿ ಯಾವಾಗ ತೀರ್ಕೊಂಡ್ರು ತಮ್ಮಾ?” ಎಂದು ವಿಚಾರಿಸಿದರು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿದ್ದಾಗ, ನಗರವೆಲ್ಲ ಕಂಗಾಲಾಗಿತ್ತು. ಬರದ ಸೀಮೆಯ ಕಾಕಾ ಮಾತ್ರ ಹುರುಪಿನಲ್ಲಿದ್ದರು. ಐದು ಕಿಲೋಮೀಟರ್ ಒಳಗಿಂದ ಬರುವ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ನಿಗದಿ ಮಾಡಿದ ದರಪಟ್ಟಿಯನ್ನು ಮೊಮ್ಮಗಳ ಕೈಲಿ ಬರೆಸಿ ಗೇಟಿಗೆ ಅಂಟಿಸಿದರು. ಕುರ್ಚಿ ಹಾಕಿ ಕೂತು ಬಂದ ಟ್ಯಾಂಕರ್ ಎಣಿಸಿದರು. ಸಾಲದೆಂದು ಬೆರಳ ಗೆಣ್ಣಿನಿಂದ ಅದರ ಹೊಟ್ಟೆ ಬಡಿದು, ನೀರು ಎಲ್ಲಿಯವರೆಗಿದೆ ಎಂದು ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಆ ತಿಂಗಳು ನೀರಿನ ಬಿಲ್ಲು ಇಳಿಯಿತು. ಮಳೆ ಬಂದಿರಲಿಲ್ಲ.

ಮೇಂಟೆನೆನ್ಸ್ ಅನ್ನು ಅವರು ಪಟ್ಟಿ ಎನ್ನುತ್ತಾರೆ, ಜಾತ್ರೆಗೆ ಎತ್ತುವ ಪಟ್ಟಿಯ ಹಾಗೆ. ದೊಡ್ಡ ಫ್ಲ್ಯಾಟುಗಳ ಪಟ್ಟಿ ತಿಂಗಳಿಗೆ 7,540 ರೂಪಾಯಿ ಎಂದಾದಾಗ ಕಾಕಾ ನಿದ್ದೆ ಬಿಟ್ಟರು. ತಿಂಗಳ ಮೊತ್ತ 7,500 ದಾಟಿದರೆ ಶೇಕಡಾ 18 ಜಿಎಸ್‌ಟಿ. ಅದೂ ಪೂರ್ತಿ ಮೊತ್ತಕ್ಕೆ ಎನ್ನುತ್ತದೆ ಕೇಂದ್ರದ 2019ರ ಸುತ್ತೋಲೆ. ಮಿತಿ ಮೀರಿದ್ದಕ್ಕೆ ಮಾತ್ರ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಎರಡರ ಜೆರಾಕ್ಸೂ ಕಾಕಾನ ಚೀಲದಲ್ಲಿವೆ. “ನಲವತ್ತು ರೂಪಾಯಿ ಆಸೀಗಿ ಬಿದ್ದು ಮನಿಗೊಂದು ಹದಿಮೂರು ನೂರಾ ಐವತ್ತೇಳು ತೆರಿಗಿ ಕಟ್ಟಸ್ತೀರಿ. ಸರ್ಕಾರದವ್ರೇನ್ ನಿಮ್ಮ ಬೀಗರೇನು?” ಮರುತಿಂಗಳು ಬಿಲ್ಲು 7,500ಕ್ಕೆ ಬಂದು ನಿಂತಿತು.

ಇವರಿಗೆ ತಡೆಯಲಾರದ ಸಿಟ್ಟು ಬರುವುದು ದುಡ್ಡಿಗಲ್ಲ, ಫಲಕಕ್ಕೆ. ‘ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರಿಗೆ ದಂಡ: ಆಡಳಿತದ ಆಜ್ಞೆ’ ಎಂದು ಕಂಪನಿ ಬೋರ್ಡು ಹಾಕಿದಾಗ 2016ರ ರೇರಾ ಕಾಯ್ದೆಯ 17ನೇ ಸೆಕ್ಷನ್ ತೆರೆದು ಮ್ಯಾನೇಜರನಿಗೆ ಪಾಠ ಹೇಳಿದರು. ಮೆಟ್ಟಿಲು, ಅಂಗಳ, ಸಂಪು ಎಲ್ಲವನ್ನೂ ಬಿಲ್ಡರ್ ಸಂಘಕ್ಕೆ ಬರೆದುಕೊಡಬೇಕು. ಸಂಘ ಎಂದರೆ ನಾವು. ಕಂಪನಿ ಎಂದರೆ ನಾವು ಪಗಾರ ಕೊಟ್ಟು ಇಟ್ಟುಕೊಂಡವರು. “ದನಾ ಕಾಯಾಂವ ಗೌಡಗ ನೋಟಿಸ್ ಕೊಡ್ತಾನೇನು?” ನಮ್ಮ ಸಂಘ 1960ರ ಸಂಘಗಳ ಕಾಯ್ದೆಯಡಿ ಇರಬೇಕೋ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯೋ ಎಂಬ ಚರ್ಚೆ ಎತ್ತಿದರೆ ಲಿಫ್ಟಿನಲ್ಲಿ ಸಿಕ್ಕವರು ಮೂರನೇ ಮಹಡಿಗೇ ಇಳಿದು ಓಡುತ್ತಾರೆ, ಮನೆ ಒಂಬತ್ತನೆಯದರಲ್ಲಿದ್ದರೂ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಮೇಲೆ ಜೋಕುಗಳಿಗೆ ಬರವಿಲ್ಲ. ‘ಎಲ್ಲದಕ್ಕೂ ತಕರಾರು, ಪಾಸಿಟಿವ್ ಆಗಿರೋಣ’ ಎಂದು ಬುದ್ಧಿ ಹೇಳಿದವರೊಬ್ಬರು ಅರ್ಧ ಗಂಟೆ ಬಿಟ್ಟು ಕಾಕಾಗೆ ಖಾಸಗಿಯಾಗಿ ತಮ್ಮ ಮೇಂಟೆನೆನ್ಸ್ ಬಾಕಿಯ ಬಡ್ಡಿ ಬಿಲ್ಲು ಕಳಿಸಿ, ‘ಸ್ವಲ್ಪ ನೋಡಿ ಅಂಕಲ್, ನನ್ನ ಹೆಸರು ಹೇಳಬೇಡಿ’ ಎಂದರು. ಹೀಗೆ ಹೆಸರಿಲ್ಲದ ಬಿಲ್ಲುಗಳಿಂದ ಕಾಕಾನ ಚೀಲ ದಪ್ಪವಾಗುತ್ತಲೇ ಇದೆ.

ಬೇಸತ್ತ ಸಮಿತಿ ಕೊನೆಗೆ ಹಳೆಯ ಉಪಾಯ ಹೂಡಿತು: ಕಾಕಾ, ನೀವೇ ಖಜಾಂಚಿ ಆಗಿಬಿಡಿ. ಅವರು ಎದ್ದು ಕೈಮುಗಿದರು. “ಬ್ಯಾಡ್ರಿಯಪ್ಪ. ಲೆಕ್ಕಾ ಬರಿಯಾಂವ ಒಬ್ಬ, ಕೇಳಾಂವ ಇನ್ನೊಬ್ಬ ಇರಬೇಕು. ನಾ ಬರಿಯೋ ಕುರ್ಚಿ ಮ್ಯಾಲ ಕೂತಾಗ ಹ್ಯಾಂಗಿದ್ದೆ ಅಂತ ನನಗ ಗೊತ್ತದ.”

ಕಡೆಗೆ ಕಂಪನಿಯೇ ಬದಲಾಯಿತು. ಹಳಬರು ಹೊಸಬರಿಗೆ ಹಸ್ತಾಂತರದ ಪಟ್ಟಿ ಕೊಟ್ಟರು. ಪಂಪುಗಳಲ್ಲಿ ಒಂದು ಕಡಿಮೆ ಇತ್ತು, ಜನರೇಟರಿನ ಡೀಸೆಲ್ ತಾಳೆಯಾಗಲಿಲ್ಲ, ಅಗ್ನಿಶಾಮಕ ಪೈಪುಗಳ ಹಿತ್ತಾಳೆ ಮೂತಿಗಳ ಪತ್ತೆಯೇ ಇರಲಿಲ್ಲ. ಪಟ್ಟಿಯ ಕೊನೆಯ ಸಾಲೊಂದು ಮಾತ್ರ ಅಚ್ಚುಕಟ್ಟಾಗಿ, ಫ್ಲ್ಯಾಟ್ ನಂಬರ್ ಸಮೇತ ನಮೂದಾಗಿತ್ತು: ‘ಹಿರಿಯರೊಬ್ಬರಿದ್ದಾರೆ. ವೋಚರ್ ತಯಾರಿಟ್ಟುಕೊಳ್ಳಿ.’ ಕಾಕಾ ಅದನ್ನು ಎರಡು ಸಲ ಓದಿ, ಪೆನ್ನು ತೆಗೆದು, ಪಕ್ಕದಲ್ಲಿ ಬರೆದರು: ‘ಪರಿಶೀಲಿಸಿದೆ. ಸರಿ ಇದೆ.’