ಒಳಬಣ್ಣದ ಪರ ಒಂದು ವಕಾಲತ್ತು

ಕಾರು ಕೊಳ್ಳುವಾಗ ಹೊರಬಣ್ಣದ ಬಗ್ಗೆ ಮನೆಮಂದಿಯೆಲ್ಲ ಕೂತು ಚರ್ಚೆ ನಡೆಸುತ್ತಾರೆ. ಬಿಳಿ ಬೇಗ ಕೊಳೆಯಾಗುತ್ತದೆ, ಕಪ್ಪು ಬಿಸಿಲಿಗೆ ಕಾಯುತ್ತದೆ, ಕೆಂಪು ಮಗಳಿಗೆ ಬೇಕು, ನೀಲಿ ಜ್ಯೋತಿಷಿಗಳಿಗೆ ಬೇಡ. ಕಡೆಗೆ ಯಾರಿಗೂ ಇಷ್ಟವಿಲ್ಲದ, ಯಾರೂ ವಿರೋಧಿಸದ ಒಂದು ಬೂದು ಗೆಲ್ಲುತ್ತದೆ. ಇಷ್ಟೆಲ್ಲ ಆಗಿ ಕಾರು ಬಂದ ಮೇಲೆ ಆ ಬಣ್ಣವನ್ನು ನೋಡುವವರು ಯಾರು? ಎದುರುಮನೆಯವರು, ಹಿಂದಿನ ಆಟೊದವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಕಂತು ಕಟ್ಟುವವನು ಒಳಗೆ ಕೂತು ನೋಡುವುದು ಡ್ಯಾಶ್‌ಬೋರ್ಡನ್ನು, ಎಸಿ ಕಿಂಡಿಯ ಸುತ್ತಿನ ಪಟ್ಟಿಯನ್ನು, ಬಾಗಿಲಿನ ಸ್ವಿಚ್ಚು ಕೂರಿಸಿದ ಪ್ಲಾಸ್ಟಿಕ್ಕನ್ನು. ಅವುಗಳ ಬಣ್ಣದ ಬಗ್ಗೆ ಅವನನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಟಾಮ್‌ಟಾಮ್ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿದಂತೆ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಅಷ್ಟು ಹೊತ್ತು ಯಾವ ಬಣ್ಣದ ಮುಂದೆ ಕೂತಿರಬೇಕೋ ಆ ಬಣ್ಣವನ್ನು ಆರಿಸಿಕೊಳ್ಳುವುದು ಷೋಕಿಯಲ್ಲ, ಕನಿಷ್ಠ ಹಕ್ಕು. ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ ಬಣ್ಣ ಹಚ್ಚಿಕೊಳ್ಳುವವರನ್ನು ಕಂಡು ನಗುವವರ ಎದುರು ನನ್ನ ವಾದ ಇಷ್ಟೇ. ಸರ್ಕಾರಕ್ಕೂ ಇದರಲ್ಲಿ ತಕರಾರಿಲ್ಲ. ಹೊರಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬದಲಿಸಿದರೆ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕು. ಒಳಬಣ್ಣಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ನಮ್ಮ ದೇಶದಲ್ಲಿ ಅರ್ಜಿ ನಮೂನೆ ಇಲ್ಲದ ಇಂಥ ಸ್ವಾತಂತ್ರ್ಯಗಳು ಹೆಚ್ಚೇನೂ ಉಳಿದಿಲ್ಲ.

‘ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಿನ ಪಾಡಿಗೆ ಬಿಡಿ, ಬಣ್ಣ ಬಳಿದು ಯಾಕೆ ಸುಳ್ಳು ಮಾಡುತ್ತೀರಿ’ ಎನ್ನುವ ಶುದ್ಧವಾದಿಗಳಿದ್ದಾರೆ. ಅವರು ಒಮ್ಮೆ ಕಾರ್ಖಾನೆಯಿಂದ ಬಂದ ಡ್ಯಾಶ್‌ಬೋರ್ಡನ್ನೇ ಹತ್ತಿರದಿಂದ ನೋಡಬೇಕು. ಬೀಟೆಮರದ ಹಾಗೆ ಕಾಣುವ ಪಟ್ಟಿ ಮುದ್ರಿಸಿದ ಹಾಳೆ. ಚರ್ಮದ ಹೊಲಿಗೆಯಂತೆ ಕಾಣುವುದು ಅಚ್ಚಿನಲ್ಲೇ ಮೂಡಿಸಿದ ಗೀರು. ಸೂಜಿ ಆ ಕಡೆ ಸುಳಿದೇ ಇಲ್ಲ. ಅಲ್ಯೂಮಿನಿಯಂ ಎಂದುಕೊಂಡು ಹಿಡಿಯುವ ಬಾಗಿಲ ಹಿಡಿಯನ್ನು ನಾಲ್ಕಾರು ವರ್ಷದ ಮೇಲೆ ನೋಡಿ: ಉಗುರು ತಾಗುವ ಜಾಗದಲ್ಲೆಲ್ಲ ಬೆಳ್ಳಿಬಣ್ಣ ಸವೆದು ಒಳಗಿನ ಕರಿ ಪ್ಲಾಸ್ಟಿಕ್ ಇಣುಕುತ್ತಿರುತ್ತದೆ. ಇನ್ನು ಪಿಯಾನೊ ಬ್ಲ್ಯಾಕ್. ಪಿಯಾನೊ ಎಂದೂ ಕಾಣದ ಮನೆಗಳಿಗೂ ಅದು ಬಂದು ಕೂತಿದೆ. ಷೋರೂಮಿನ ದೀಪದಡಿ ಅದರ ಹೊಳಪಿಗೆ ಮರುಳಾದವರು ತಿಂಗಳೊಪ್ಪತ್ತಿನಲ್ಲಿ ಬೆರಳಚ್ಚು ತಜ್ಞರಾಗುತ್ತಾರೆ. ಧೂಳು ಒರೆಸಿದರೆ ಗೀರು, ಒರೆಸದಿದ್ದರೆ ಧೂಳು. ನಮ್ಮ ಕೆಂಪುಮಣ್ಣಿನ ರಸ್ತೆಗಳಲ್ಲಿ ಓಡುವ ಕಾರಿಗೆ ಒಳಗೆಲ್ಲ ತೆಳು ಕೆನೆಬಣ್ಣ ಕೊಟ್ಟ ಪುಣ್ಯಾತ್ಮರ ವಿಚಾರ ಬೇರೆಯೇ ಪ್ರಬಂಧ ಬೇಡುತ್ತದೆ. ಹೀಗಿರುವಾಗ ಒಡೆಯನೇ ಮುಂದಾಗಿ ಆ ಪಟ್ಟಿಗೆ ಹೊಳಪಿಲ್ಲದ ಗಾಢ ಬೂದು ಬಣ್ಣ ಹಚ್ಚಿದರೆ ಸುಳ್ಳು ಹೆಚ್ಚಾಗುವುದಿಲ್ಲ, ಒಂದು ಕಡಿಮೆಯಾಗುತ್ತದೆ.

ನಿಜವಾಗಿ ತೂಕವಿರುವ ಆಕ್ಷೇಪ ಬೇರೊಂದಿದೆ: ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ, ಆರು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಇದು ಅರ್ಧ ಸತ್ಯ, ಆದರೆ ಆ ಅರ್ಧ ಬಹಳ ಗಟ್ಟಿ. ಕಾರಿನೊಳಗಿನ ಪ್ಲಾಸ್ಟಿಕ್ಕೆಲ್ಲ ಒಂದೇ ಜಾತಿಯದಲ್ಲ. ತುಂಡನ್ನು ಬಿಚ್ಚಿ ಬೆನ್ನು ತಿರುಗಿಸಿದರೆ ಹೆಚ್ಚಿನವುಗಳಲ್ಲಿ ಸಣ್ಣ ಅಕ್ಷರದಲ್ಲಿ ಎಬಿಎಸ್ ಎಂದೋ ಪಿಪಿ ಎಂದೋ ಜಾತಿ ಕೊರೆದಿರುತ್ತದೆ. ಎಬಿಎಸ್ ಬಣ್ಣಕ್ಕೆ ಒಲಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಒಲಿಯುವುದಿಲ್ಲ. ಅದರ ಮೈಯಲ್ಲಿ ಬಣ್ಣದ ಅಣುಗಳಿಗೆ ಹಿಡಿದುಕೊಳ್ಳಲು ಕೊಕ್ಕೆಯೇ ಇಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಂತ ಹಾಗೆ ಬಣ್ಣ ಅದರ ಮೇಲೆ ಅತಿಥಿಯಾಗಿ ಇರುತ್ತದೆಯೇ ಹೊರತು ಮನೆಯವನಾಗುವುದಿಲ್ಲ. ಅಂಟುವುದು, ಅಂಟದಿರುವುದು ಬಣ್ಣವೊಂದರ ಗುಣವಲ್ಲ, ಎರಡು ಮೈಗಳ ನಡುವಿನ ಸಂಬಂಧ. ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಳಿಸಲಾಗದ ಶಾಯಿ ಮಾಡಿಕೊಡುತ್ತಿದೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದೊಂದಿಗೆ ರಾಸಾಯನಿಕವಾಗಿ ಬೆರೆತು, ಬೆಳಕಿಗೆ ಕಪ್ಪಾಗಿ, ಸೋಪಿಗೂ ಜಗ್ಗದೆ ಕೂರುತ್ತದೆ. ಗೆದ್ದ ಅಭ್ಯರ್ಥಿ ಮತದಾರನನ್ನು ಮರೆತ ಮೇಲೂ ಉಗುರಿನ ಮೇಲೆ ಗುರುತು ಇರುತ್ತದೆ. ಅದೇ ಶಾಯಿಯನ್ನು ಪಾಲಿಪ್ರೊಪಿಲೀನಿನ ಮೇಲೆ ಹಚ್ಚಿ ನೋಡಿ, ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಅಲ್ಲಿ ಬೆರೆಯಲು ಚರ್ಮವಿಲ್ಲ.

ಹಾಗಾದರೆ ಕೈಬಿಡಬೇಕೇ? ಬೇಡ. ನಿಮ್ಮ ಕಾರಿನ ಬಂಪರನ್ನೇ ನೋಡಿ. ಇಂದಿನ ಬಹುಪಾಲು ಬಂಪರುಗಳು ಅದೇ ಪಾಲಿಪ್ರೊಪಿಲೀನ್ ಕುಟುಂಬದವು. ಬಿಸಿಲು, ಮಳೆ, ಸ್ಕೂಟರಿನವರ ಮೊಣಕಾಲು ಎಲ್ಲವನ್ನೂ ತಿಂದುಕೊಂಡು ವರ್ಷಗಟ್ಟಲೆ ಬಣ್ಣ ಉಳಿಸಿಕೊಂಡಿರುತ್ತವೆ. ಕಾರ್ಖಾನೆಯವರು ಬಣ್ಣಕ್ಕೆ ಮುಂಚೆ ಅದರ ಮೈಮೇಲೆ ಬೆಂಕಿಯ ಜ್ವಾಲೆ ಹಾಯಿಸಿಯೋ, ಅಂಟುವ ಪ್ರೈಮರ್ ಹೊಡೆದೋ ಕೊಕ್ಕೆಗಳನ್ನು ಹುಟ್ಟಿಸಿರುತ್ತಾರೆ. ಮನೆಯಲ್ಲಿ ಬೆಂಕಿಯ ಗೊಡವೆ ಬೇಡ, ಪ್ಲಾಸ್ಟಿಕ್ ಪ್ರೈಮರ್ ಎಂಬ ಡಬ್ಬಿ ಸಾಕು. ಹಾಳಾಗುವುದು ಬಣ್ಣದಿಂದಲ್ಲ, ಬಣ್ಣಕ್ಕೆ ಮುಂಚಿನ ಅವಸರದಿಂದ. ಅದರಲ್ಲೂ ದೊಡ್ಡ ಶತ್ರು ಪ್ರೀತಿಯ ರೂಪದಲ್ಲಿ ಬಂದಿರುತ್ತದೆ: ವಾಟರ್ ಸರ್ವಿಸಿನ ಹುಡುಗರು ಕಾರು ತೊಳೆದಾದ ಮೇಲೆ ಡ್ಯಾಶ್‌ಬೋರ್ಡಿಗೆ ಉಜ್ಜುವ ಮಿರಮಿರ ಪಾಲಿಶ್. ಅಂಥ ಬಹಳಷ್ಟು ಪಾಲಿಶುಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಲೇಪ ಒಂದಿಷ್ಟು ಉಳಿದರೂ ಸಿಂಪಡಿಸಿದ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಮೀನಿನ ಕಣ್ಣಿನ ಗಾತ್ರದ ಗುಳಿಗಳನ್ನು ಬಿಡುತ್ತದೆ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಬಳಿಕ 600ರ ವಾಟರ್ ಪೇಪರಿನಲ್ಲಿ ಹಗುರ ಉಜ್ಜು, ಮತ್ತೆ ಒರೆಸು. ನೀರು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿಕೊಂಡರೆ ಜಿಡ್ಡು ಹೋಗಿದೆ ಎಂದರ್ಥ. ಎಬಿಎಸ್ ತುಂಡಿನ ಮೇಲೆ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ. ಪಿಪಿ ಶುಭ್ರವಾಗಿದ್ದರೂ ಹನಿ ಕಟ್ಟಿ ತನ್ನ ಜಾತಿಬುದ್ಧಿ ತೋರಿಸುತ್ತದೆ. ಬಣ್ಣವನ್ನು ಗೇಣಿಗಿಂತ ಹತ್ತಿರ ಹಿಡಿಯದೆ, ಮೊದಲ ಸಲ ಬಣ್ಣ ಕಂಡೂ ಕಾಣದಷ್ಟು ತೆಳುವಾಗಿ ಬೀಸಬೇಕು. ಒಂದೇ ಏಟಿಗೆ ಮುಗಿಸುವ ಆಸೆಯಿದ್ದವರು ಮೂಲೆಗಳಲ್ಲಿ ಬಣ್ಣದ ಕಂಬನಿ ಕಾಣುತ್ತಾರೆ. ಕರಾವಳಿಯವರು ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಗಾಳಿಯ ತೇವಕ್ಕೆ ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುತ್ತದೆ.

ಹಕ್ಕು ಎಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಡಬ್ಬಿ ಹಿಡಿಯಬಹುದು ಎಂದಲ್ಲ. ಏರ್‌ಬ್ಯಾಗಿನ ಮುಚ್ಚಳವನ್ನು ಮುಟ್ಟಲೇಬಾರದು. ಅದು ಗೊತ್ತಾದ ಗೆರೆಯಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಹರಿದುಕೊಳ್ಳುವಂತೆ ಅಳತೆ ಮಾಡಿಟ್ಟ ಭಾಗ. ಅಲ್ಲಿ ಬಿದ್ದ ಬಣ್ಣದ ಪದರ ಒಡೆದು ಚೂರಾಗಿ ಮುಖಕ್ಕೆ ರಾಚುವ ಅಪಾಯ ಅಲಂಕಾರದ ಲೆಕ್ಕಕ್ಕೆ ಬರುವಂಥದ್ದಲ್ಲ. ಡ್ಯಾಶ್‌ಬೋರ್ಡಿನ ಮೇಲ್ಮೈಯೂ ಬೇಡ. ಅಲ್ಲಿ ತೆಳುಬಣ್ಣವೋ ಹೊಳಪೋ ಬಂದರೆ ಮಟಮಟ ಮಧ್ಯಾಹ್ನ ಮುಂಗಾಜಿನಲ್ಲಿ ರಸ್ತೆಯ ಬದಲು ಡ್ಯಾಶ್‌ಬೋರ್ಡಿನ ಪ್ರತಿಬಿಂಬವೇ ಕಾಣುತ್ತದೆ, ಅದರ ಮೇಲೆ ಕೂತ ಗಣಪತಿಯೂ ಸೇರಿ. ಸಾಲದ್ದಕ್ಕೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲಿಸಿದ ಕಾರಿನ ಆ ಭಾಗ 70 ಡಿಗ್ರಿಯವರೆಗೂ ಕಾಯಬಲ್ಲದು. ಬಣ್ಣಕ್ಕೆ ಯೋಗ್ಯವಾದವು ಬಿಚ್ಚಿ ಹೊರತರಬಹುದಾದ ಸಣ್ಣ ತುಂಡುಗಳು: ಕಿಂಡಿಯ ಸುತ್ತು, ಗೇರಿನ ಸುತ್ತಿನ ಚೌಕಟ್ಟು, ಸ್ವಿಚ್ಚಿನ ಫಲಕ. ಸ್ಕ್ರೂಡ್ರೈವರಿನಿಂದ ಮೀಟದೆ ಪ್ಲಾಸ್ಟಿಕ್ ಮೀಟುಗೋಲಿನಿಂದ ಎಬ್ಬಿಸಿದರೆ ಕ್ಲಿಪ್ಪುಗಳೂ ಉಳಿಯುತ್ತವೆ. ಮುಂದೆ ಮಾರುವಾಗ ಬೆಲೆ ಬೀಳುತ್ತದೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಇಷ್ಟು ಸಣ್ಣ ತುಂಡು ಕೆಟ್ಟರೆ ಇನ್ನೊಂದು ತಂದು ಕೂರಿಸಬಹುದು. ಯಾರೋ ಮುಂದಿನ ಒಡೆಯನ ಅಭಿರುಚಿಗಾಗಿ ಈಗಿನವನು ಹತ್ತು ವರ್ಷ ಕಣ್ಣು ಕಟ್ಟಿಕೊಂಡು ಕೂರಬೇಕೆನ್ನುವುದು, ಸೀಟಿನ ಪ್ಲಾಸ್ಟಿಕ್ ಕವರು ಕೀಳದೆ ಬೆವರಿಕೊಂಡೇ ಓಡಾಡುವವರ ತರ್ಕ.

ಬಣ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಒಂದು ವಾರ ಉಗುರು ತಾಗಿಸಬೇಡಿ. ಆಮೇಲೆ ವಾಟರ್ ಸರ್ವಿಸಿಗೆ ಹೋದಾಗ, ಹುಡುಗ ಪಾಲಿಶ್ ಬಾಟಲಿ ಕೈಗೆತ್ತಿಕೊಳ್ಳುವ ಮುಂಚೆಯೇ ‘ಒಳಗೆ ಬರೀ ಒದ್ದೆ ಬಟ್ಟೆ ಸಾಕಪ್ಪ’ ಎಂದು ಹೇಳಿಬಿಡಿ.