ಡಬ್ಬಿಶೋಧ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಆರಂಭದಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂದು ಹಿರಿಯರು ಕಟ್ಟು ಮಾಡಿಟ್ಟಿದ್ದಾರೆ. ಇದನ್ನು ಓದಲು ಅರ್ಹರು ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬವೇ ಆ ನಾಲ್ಕು. ಪ್ರಸ್ತುತ ಪ್ರಬಂಧದ ವಿಷಯ ಜಿಯೊಕ್ಯಾಶಿಂಗ್. ಅಂದರೆ ಯಾರೋ ಅಪರಿಚಿತರು ಪೊದೆಯಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಅಂಗೈಯಗಲದ ಜಿಪಿಎಸ್ ಯಂತ್ರದ ನೆರವಿನಿಂದ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಮತ್ತೆ ಅದೇ ಪೊದೆಯಲ್ಲಿ ಬಚ್ಚಿಟ್ಟು ಮನೆಗೆ ಬರುವುದು. ಅಧಿಕಾರಿ, ಅಂದರೆ ಓದಲು ಅರ್ಹನು, ಯಾರೆಂದರೆ, ಎರಡು ಪೆನ್ಸಿಲ್ ಸೆಲ್ಲು, ಒಂದು ಜೊತೆ ಗಟ್ಟಿ ಬೂಟು ಉಳ್ಳವನು, ಸಂಕೋಚ ಇಲ್ಲದವನು. ಸಂಬಂಧ ಇದುವರೆಗೆ ಪತ್ತೆಯಾಗಿಲ್ಲ. ಪ್ರಯೋಜನವನ್ನು ಫಲಪ್ರಕರಣದಲ್ಲಿ ಹೇಳಲಾಗಿದೆ. ಆ ಪ್ರಕರಣ ಚಿಕ್ಕದು.

ಇಲ್ಲಿ ಸಾಧಿಸಹೊರಟಿರುವ ಪ್ರತಿಜ್ಞೆ ಒಂದೇ: ಈ ಕ್ರೀಡೆ ನಿಂತಿರುವುದು ಉಪಗ್ರಹಗಳ ನಿಖರತೆಯ ಮೇಲಲ್ಲ, ಅವುಗಳ ತಪ್ಪಿನ ಮೇಲೆ.

ಉತ್ಪತ್ತಿ ಪ್ರಕರಣ

ಅಮೆರಿಕದ ರಕ್ಷಣಾ ಇಲಾಖೆ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಇಪ್ಪತ್ತನಾಲ್ಕಕ್ಕೆ ಕಡಿಮೆ ಬೀಳದಂತೆ ಉಪಗ್ರಹಗಳನ್ನು ಸುತ್ತಿಸುತ್ತಿದೆ. ಸೈನ್ಯಕ್ಕೆಂದು ಹುಟ್ಟಿದ ಈ ವ್ಯವಸ್ಥೆಯೇ ಜಿಪಿಎಸ್. ಜನಸಾಮಾನ್ಯರಿಗೂ ಸಂಕೇತ ಸಿಗುತ್ತಿತ್ತು, ಆದರೆ ಬೇಕೆಂದೇ ನೀರು ಬೆರೆಸಿದ ಸಂಕೇತ. ಈ ಬೆರಕೆಗೆ ‘ಸೆಲೆಕ್ಟಿವ್ ಅವೈಲಬಿಲಿಟಿ’ ಎಂಬ ಗಂಭೀರ ನಾಮಕರಣವೂ ಆಗಿತ್ತು. ಅದರ ಫಲವಾಗಿ ನಾಗರಿಕನ ಯಂತ್ರ ತೋರಿಸುವ ಜಾಗ ನಿಜವಾದ ಜಾಗದಿಂದ ನೂರು ಮೀಟರಿನಷ್ಟು ಸರಿದಿರಬಹುದಿತ್ತು. 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಬೆರಕೆಯನ್ನು ನಿಲ್ಲಿಸುವುದಾಗಿ ಘೋಷಿಸಿದರು. ಆ ರಾತ್ರಿ ಕಳೆಯುವಷ್ಟರಲ್ಲಿ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಆಂಬ್ಯುಲೆನ್ಸಿಗೆ ಅನುಕೂಲ, ಮೀನುಗಾರರಿಗೆ ಅನುಕೂಲ, ವಿಮಾನಗಳಿಗೆ ಅನುಕೂಲ ಎಂದೆಲ್ಲ ಲೋಕೋಪಕಾರದ ಪಟ್ಟಿ ಹೊರಟಿತು. ಪಟ್ಟಿಯಲ್ಲಿ ಡಬ್ಬಿ ಇರಲಿಲ್ಲ.

ಮೇ 3ರಂದು ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತು, ಅದರ ಅಕ್ಷಾಂಶ ರೇಖಾಂಶಗಳನ್ನು ಜಗತ್ತಿಗೆ ಸಾರಿದರು. ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೊ, ಸಾಫ್ಟ್‌ವೇರ್, ಒಂದು ಕವಣೆ, ಬೀನ್ಸ್ ತುಂಬಿದ ಒಂದು ತಗಡಿನ ಡಬ್ಬಿ ಇದ್ದವು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಮೊದಲು ಕಂಡುಹಿಡಿದರು. ಮೇ ತಿಂಗಳು ಮುಗಿಯುವುದರೊಳಗೆ ಆಟಕ್ಕೆ ಹೆಸರು ಬಂತು, ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಎಂಬವರ ಜಾಲತಾಣ 75 ಡಬ್ಬಿಗಳ ಪಟ್ಟಿಯೊಡನೆ ಶುರುವಾಯಿತು, ಕ್ರಮೇಣ ಧರ್ಮಶಾಸ್ತ್ರವೂ ರೂಪುಗೊಂಡಿತು. ಡಬ್ಬಿಯನ್ನು ಹೂಳಬಾರದು, ತಿನ್ನುವ ಪದಾರ್ಥ ಇಡಬಾರದು ಎಂಬವು ಅದರ ಮುಖ್ಯ ವಿಧಿಗಳು. ಈ ಲೆಕ್ಕದಲ್ಲಿ ಮೂಲಪುರುಷರ ಬಕೆಟ್ಟು ಎರಡು ಅಪರಾಧಗಳ ಸಂಗಮ. ಇಂದು ಅವರು ಅರ್ಜಿ ಹಾಕಿದರೆ ತಿರಸ್ಕೃತವಾಗುವುದು ಖಂಡಿತ. ಸಂಪ್ರದಾಯ ಇದನ್ನು ಎಂದಿನ ವಿಧಾನದಲ್ಲೇ ಬಗೆಹರಿಸಿಕೊಂಡಿದೆ. 2003ರಲ್ಲಿ ಆ ಜಾಗದಲ್ಲಿ ಸ್ಮಾರಕ ಫಲಕ ಹಾಕಿದರು, ಪ್ರಶ್ನೆ ಕೇಳುವುದನ್ನು ಬಿಟ್ಟರು. ಬೀನ್ಸ್ ಡಬ್ಬಿಯೂ ಪವಿತ್ರಾವಶೇಷದ ಪದವಿಗೇರಿತು.

ಸ್ಥಾನನಿರ್ಣಯ ಪ್ರಕರಣ

ಯಂತ್ರಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಮೂರು ಜಾಗ ಹೇಳಲಿಕ್ಕೆ, ನಾಲ್ಕನೆಯದು ಯಂತ್ರದೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲಿಕ್ಕೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ವೇಗದಿಂದ ಅದು ಸ್ವಲ್ಪ ನಿಧಾನವಾಗುತ್ತದೆ, ಗುರುತ್ವ ಕಡಿಮೆಯಾದ್ದರಿಂದ ಇನ್ನೂ ಹೆಚ್ಚು ಚುರುಕಾಗುತ್ತದೆ. ಎರಡನ್ನೂ ಕೂಡಿ ಕಳೆದರೆ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೋಡುತ್ತದೆ. ಇದನ್ನು ತಿದ್ದದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಕೂಡಿಕೊಳ್ಳುತ್ತದೆ. ಐನ್‌ಸ್ಟೈನರ ಎರಡೂ ಸಾಪೇಕ್ಷ ಸಿದ್ಧಾಂತಗಳು ಹಗಲಿರುಳು ದುಡಿಯುತ್ತಿರುವುದು, ಮಾಲ್ ಒಂದರ ಪಾರ್ಕಿಂಗ್ ಜಾಗದಲ್ಲಿ ದೀಪದ ಕಂಬದ ಬುಡಕ್ಕೆ ಯಾರೋ ಸಿಕ್ಕಿಸಿದ ಹಳೆಯ ಫಿಲ್ಮ್ ಡಬ್ಬಿಯ ಸಲುವಾಗಿ ಎಂಬುದನ್ನು ಭೌತಶಾಸ್ತ್ರದ ಪಠ್ಯಪುಸ್ತಕಗಳು ಏಕೆ ಮುಚ್ಚಿಡುತ್ತವೆಯೋ ತಿಳಿಯದು.

ಇನ್ನು ಪಾಠಾಂತರಗಳ ವಿಚಾರ. ಮೂಲ ಬಕೆಟ್ಟಿನ ವಿಳಾಸ ಉತ್ತರ 45° 17.460′, ಪಶ್ಚಿಮ 122° 24.800′. ಡಿಗ್ರಿ, ನಿಮಿಷ, ನಿಮಿಷದ ಸಾವಿರದ ಭಾಗ, ಇದು ಈ ಸಂಪ್ರದಾಯದ ಶುದ್ಧಪಾಠ. ಕೊನೆಯ ಒಂದಂಕಿ ಉತ್ತರ ದಕ್ಷಿಣದಲ್ಲಿ 1.85 ಮೀಟರಿಗೆ ಸಮ. ಆದರೆ ಶಾಲೆಯಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಕಲಿತ ಪಂಡಿತನೊಬ್ಬ .460 ಎಂಬುದನ್ನು 46 ಸೆಕೆಂಡೆಂದು ಓದಿದರೆ, ಡಬ್ಬಿಯಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ನಿಲ್ಲುತ್ತಾನೆ. ರೇಖಾಂಶದಲ್ಲಿ 80 ಸೆಕೆಂಡು ಎಂದು ಬಂದಾಗಲಾದರೂ ಅನುಮಾನ ಬರಬೇಕಿತ್ತು. ಬರುವುದಿಲ್ಲ. ಪಂಡಿತರ ಲಕ್ಷಣವೇ ಅದು.

ಇದಕ್ಕಿಂತ ಆಳವಾದದ್ದು ಮತಭೇದ. ಭೂಮಿಯ ಆಕಾರ ಯಾವುದೆಂಬುದರಲ್ಲಿ ನಕ್ಷೆಗಳಿಗೆ ಏಕಾಭಿಪ್ರಾಯವಿಲ್ಲ. ಜಿಪಿಎಸ್ ನಂಬುವುದು 1984ರ ಜಾಗತಿಕ ಮತವನ್ನು. ಅಮೆರಿಕದ ಹಳೆಯ ಕಾಗದದ ನಕ್ಷೆಗಳು 1927ರ ಮತದವು. ಪಶ್ಚಿಮ ತೀರದಲ್ಲಿ ಇವೆರಡರ ನಡುವೆ ನೂರು ಮೀಟರಿನ ಆಸುಪಾಸಿನ ವ್ಯತ್ಯಾಸ. ನಮ್ಮ ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಂತೂ ಎವರೆಸ್ಟ್ ಸಾಹೇಬರ 1830ರ ಭೂಮಿಯನ್ನೇ ನೆಚ್ಚಿಕೊಂಡಿದ್ದವು. ಯಂತ್ರವನ್ನು ಒಂದು ಮತಕ್ಕೆ, ನಕ್ಷೆಯನ್ನು ಇನ್ನೊಂದು ಮತಕ್ಕೆ ಹೊಂದಿಸಿಟ್ಟವನು ಎರಡೂ ಶಾಸ್ತ್ರಗಳ ಪ್ರಕಾರ ಸರಿಯಾದ ಜಾಗದಲ್ಲಿರುತ್ತಾನೆ, ಕಾಲು ಮಾತ್ರ ಹಳ್ಳದಲ್ಲಿರುತ್ತದೆ.

ಯಂತ್ರಗಳ ಪೈಕಿ ಆದಿಕಾಲದಲ್ಲಿ ಹೆಚ್ಚು ಪ್ರಚಾರ ಪಡೆದದ್ದು 2000ದಲ್ಲೇ ಬಂದ ಗಾರ್ಮಿನ್ ಕಂಪನಿಯ ಹಳದಿ ಇಟ್ರೆಕ್ಸ್. ಅದರಲ್ಲಿ ದಿಕ್ಸೂಚಿ ಇರಲಿಲ್ಲ. ನಡೆದರೆ ಮಾತ್ರ, ಹಿಂದೆ ಇದ್ದ ಜಾಗಕ್ಕೂ ಈಗಿನ ಜಾಗಕ್ಕೂ ತಾಳೆ ನೋಡಿ ದಿಕ್ಕು ಹೇಳುತ್ತಿತ್ತು. ಯಾವ ಕಡೆ ನಡೆಯಬೇಕೆಂದು ತಿಳಿಯಲು ಮೊದಲು ಯಾವುದೋ ಒಂದು ಕಡೆ ನಡೆಯಬೇಕು. ಡಬ್ಬಿಯ ಹೆಸರಿಗೆ ಅಲ್ಲಿ ಆರೇ ಅಕ್ಷರಗಳ ಜಾಗ. ಆದ್ದರಿಂದ ಯಂತ್ರದಲ್ಲಿ ಇರುತ್ತಿದ್ದದ್ದು ಬರೀ ಸೂತ್ರ, ಭಾಷ್ಯ ಮನೆಯ ಕಂಪ್ಯೂಟರಿನಲ್ಲಿ. ಜಿಸ್ಯಾಕ್ ಎಂಬ ತಂತ್ರಾಂಶ ಸಾವಿರಾರು ಡಬ್ಬಿಗಳನ್ನು ಸೋಸುತ್ತಿತ್ತು. ಮ್ಯಾಪ್‌ಸೋರ್ಸ್, ಓಜಿಎಕ್ಸ್‌ಪ್ಲೋರರ್ ಮುಂತಾದವು ಅವನ್ನು ನಕ್ಷೆಯ ಮೇಲೆ ಕೂರಿಸುತ್ತಿದ್ದವು. ನಕ್ಷೆಯನ್ನು ತಿರಸ್ಕರಿಸಿ ಯಂತ್ರದ ಬಾಣದ ಗುರುತನ್ನೊಂದೇ ನಂಬಿದವರ ಗತಿಯನ್ನು ಅನೇಕರು ಹೊಲದಾಚೆಯಿಂದ ಕಂಡು ವಿವರಿಸಿದ್ದಾರೆ. ಬಾಣಕ್ಕೆ ನೇರ ದೂರವೊಂದೇ ಗೊತ್ತು. ಎದುರಿಗೆ ಡಬ್ಬಿ 300 ಮೀಟರ್ ಎನ್ನುತ್ತದೆ, ನಡುವೆ ನದಿಯಿದೆ ಎನ್ನುವುದಿಲ್ಲ. ನದಿಯನ್ನು ಹೇಳುವುದು ನಕ್ಷೆಯ ಧರ್ಮ. ಆದರೆ ನಕ್ಷೆಯೂ ಒಮ್ಮೊಮ್ಮೆ, ಒಣ ರಸ್ತೆಯಲ್ಲಿ ನಿಂತವನನ್ನು ಕೆರೆಯ ಮಧ್ಯೆ ತೋರಿಸಿ ಸಂತೋಷಪಡುವುದುಂಟು.

ಪ್ರಮಾಣ ಪ್ರಕರಣ

ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಉಪಗ್ರಹದ ಮಾತು ಶಬ್ದಪ್ರಮಾಣ. ಆದರೆ ಹೇಳುವವನು ಆಪ್ತನಾಗಿದ್ದರೆ ಮಾತ್ರ ಶಬ್ದ ಪ್ರಮಾಣವಾಗುತ್ತದೆ. 2000ದ ಮೇ 1ರವರೆಗೆ ಆಪ್ತನೇ ಬೇಕೆಂದು ಸುಳ್ಳು ಹೇಳುತ್ತಿದ್ದುದರಿಂದ ಅದಕ್ಕೆ ಹಿಂದಿನ ಯಾವ ಶೋಧವೂ ಶಾಸ್ತ್ರಸಮ್ಮತವಲ್ಲ. ಅನಂತರದ ಮಾತೂ ಪೂರ್ತಿ ನಂಬುವಂಥದ್ದಲ್ಲ. ದಟ್ಟ ಮರಗಳ ಕೆಳಗೆ, ಬಂಡೆಗೋಡೆಗಳ ಪಕ್ಕದಲ್ಲಿ ಸಂಕೇತ ಎಲ್ಲೆಲ್ಲೋ ತಾಗಿ ಬಳಸಿಕೊಂಡು ಬರುತ್ತದೆ. ಯಂತ್ರ ‘ಮುಂದೆ 4 ಮೀಟರ್’ ಎನ್ನುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ‘ಹಿಂದೆ 9 ಮೀಟರ್’ ಎನ್ನುತ್ತದೆ. ಇಲ್ಲಿ ಸಾಧಕ ಒಂದು ಮರಕ್ಕೆ ಪ್ರದಕ್ಷಿಣೆ ಬರಲು ಆರಂಭಿಸುತ್ತಾನೆ, ಸ್ವಲ್ಪ ಹೊತ್ತಿನ ನಂತರ ಅಪ್ರದಕ್ಷಿಣೆಯಾಗಿ. ಬಚ್ಚಿಟ್ಟವನ ಯಂತ್ರಕ್ಕೂ ಇದೇ ಕಾಯಿಲೆ ಇತ್ತೆಂಬುದನ್ನು ಮರೆಯಬಾರದು. ಇಬ್ಬರ ತಪ್ಪೂ ಸೇರಿಕೊಂಡು ಆಟದ ಅಂಗಳವಾಗುತ್ತದೆ.

ಇಲ್ಲಿ ಯಂತ್ರವನ್ನು ಜೇಬಿಗಿಳಿಸಿ ಅನುಮಾನಪ್ರಮಾಣಕ್ಕೆ ಶರಣಾಗಬೇಕು. ಹೊಗೆ ಕಂಡಲ್ಲಿ ಬೆಂಕಿ. ಒಪ್ಪವಾಗಿ ಸಮಾನಾಂತರ ಜೋಡಿಸಿದ ಕಡ್ಡಿಗಳ ರಾಶಿ ಕಂಡಲ್ಲಿ ಡಬ್ಬಿ. ಕಾಡು ತಾನಾಗಿ ಕಡ್ಡಿ ಜೋಡಿಸುವುದಿಲ್ಲವೆಂಬುದು ವ್ಯಾಪ್ತಿ. ಮಕ್ಕಳು ಆಟಕ್ಕೆ ಜೋಡಿಸಿರಬಹುದು ಎಂಬುದು ಹೇತ್ವಾಭಾಸ. ಉಪಮಾನವೆಂದರೆ, ಹಿಂದೊಮ್ಮೆ ಪಾರ್ಕಿಂಗ್ ಜಾಗದಲ್ಲಿ ದೀಪದ ಕಂಬದ ಬುಡದ ತಗಡಿನ ಹೊದಿಕೆ ಎತ್ತಿದಾಗ ಡಬ್ಬಿ ಸಿಕ್ಕಿತ್ತಾದ್ದರಿಂದ ಲೋಕದ ಸಮಸ್ತ ಕಂಬಗಳ ಹೊದಿಕೆಯನ್ನೂ ಎತ್ತುವುದು. ಪ್ರತ್ಯಕ್ಷವೆಂದರೆ ಕಲ್ಲಿನ ಸಂದಿಗೆ ಕೈ ಹಾಕುವುದು. ಹಗ್ಗವನ್ನು ಹಾವೆಂದು ಭ್ರಮಿಸುವುದು ವೇದಾಂತಿಗಳ ಸಮಸ್ಯೆ. ಅರಿಜೋನಾದ ಕಲ್ಲುಸಂದಿಗಳಲ್ಲಿ ಬುಡುಬುಡಿಕೆ ಹಾವಿರುವುದರಿಂದ ಅಲ್ಲಿ ಸಮಸ್ಯೆ ತಿರುವುಮುರುವು.

ಮೇಲಿನ ಯಾವುದೂ ಫಲಿಸದಿದ್ದರೆ ಗೂಢಲಿಪಿಯಲ್ಲಿ ಬರೆದ ಸುಳಿವೊಂದಿರುತ್ತದೆ. ಪ್ರತಿ ಇಂಗ್ಲಿಷ್ ಅಕ್ಷರವನ್ನೂ ಹದಿಮೂರು ಸ್ಥಾನ ಸರಿಸಿದ ಲಿಪಿ. ಅದನ್ನು ಬಿಡಿಸುವ ಕೀಲಿಯನ್ನು ಪಕ್ಕದಲ್ಲೇ ಮುದ್ರಿಸುವ ಪದ್ಧತಿ ಇದೆ. ಮಳೆಯಲ್ಲಿ ನಿಂತು, ಒದ್ದೆ ಕಾಗದದ ಮೇಲೆ ಒಂದೊಂದೇ ಅಕ್ಷರ ಬಿಡಿಸಿದ ಮೇಲೆ ಹೊರಬೀಳುವ ಉಪದೇಶ: ‘ಕಲ್ಲಿನ ಕೆಳಗೆ.’ ಸುತ್ತ ಇಡೀ ಗುಡ್ಡವೇ ಕಲ್ಲು.

ಅಭಾವ ಪ್ರಕರಣ

ಸಿಗಲಿಲ್ಲ ಎಂದರೆ ಇಲ್ಲ ಎಂದೇ? ಭಾಟ್ಟ ಮೀಮಾಂಸಕರು ಕಾಣದಿರುವುದನ್ನೇ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು, ಪ್ರಾಭಾಕರರು ಒಪ್ಪಲಿಲ್ಲ. ಶತಮಾನಗಳ ಈ ವ್ಯಾಜ್ಯ ಡಬ್ಬಿಶೋಧಕರಲ್ಲಿ ಇಂದಿಗೂ ಜೀವಂತ. ಎರಡು ತಾಸು ಹುಡುಕಿ ಸೋತವನು ‘ಸಿಗಲಿಲ್ಲ’ ಎಂದು ದಾಖಲಿಸಬೇಕು. ಅಹಂಕಾರಿಗಳು ‘ಡಬ್ಬಿ ಕಳುವಾಗಿದೆ’ ಎಂದು ದಾಖಲಿಸುತ್ತಾರೆ. ಡಬ್ಬಿಯ ಒಡೆಯ ಗಾಬರಿಯಿಂದ ಬಂದು ನೋಡಿದರೆ ಅದು ಇಟ್ಟಲ್ಲೇ ಇರುತ್ತದೆ. ಪ್ರಾಭಾಕರರಿಗೆ ಜಯ.

ಆದರೂ ನ್ಯಾಯಶಾಸ್ತ್ರ ಹೇಳುವ ನಾಲ್ಕು ಅಭಾವಗಳೂ ಇಲ್ಲಿ ದೃಷ್ಟಾಂತಸಹಿತ ದೊರೆಯುತ್ತವೆ. ವಿಳಾಸ ಪ್ರಕಟಿಸಿ, ಡಬ್ಬಿಯನ್ನು ನಾಳೆ ಇಟ್ಟರಾಯಿತೆಂದು ಒಡೆಯ ಮನೆಯಲ್ಲಿ ಮಲಗಿದ್ದರೆ ಪ್ರಾಗಭಾವ. ಪ್ರವಾಹವೋ ತೋಟದ ಮಾಲಿಯೋ ಒಯ್ದಿದ್ದರೆ ಪ್ರಧ್ವಂಸಾಭಾವ. ಅಂಕಿಯನ್ನೇ ತಪ್ಪು ಬರೆದಿದ್ದರೆ ಮೂರು ಕಾಲದಲ್ಲೂ ಆ ಜಾಗದಲ್ಲಿ ಡಬ್ಬಿಯಿಲ್ಲ, ಅದು ಅತ್ಯಂತಾಭಾವ. ಕೈಗೆ ಸಿಕ್ಕಿದ್ದು ಯಾರೋ ಎಸೆದ ತಂಬಾಕಿನ ಡಬ್ಬಿಯಾಗಿದ್ದರೆ ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ. ಕೊನೆಯದನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕೆಂದು ವೃದ್ಧರ ಅಭಿಪ್ರಾಯ.

ವ್ಯವಹಾರ ಪ್ರಕರಣ

ದೀಕ್ಷೆಯಿಲ್ಲದವರನ್ನು ಈ ಪಂಥ ‘ಮಗಲ್’ ಎನ್ನುತ್ತದೆ, ಹ್ಯಾರಿ ಪಾಟರ್ ಕತೆಗಳಿಂದ ಕಡ ತಂದ ಪದ. ಅವರ ಕಣ್ಣೆದುರು ಪೊದೆಗೆ ಕೈ ಹಾಕಬಾರದು. ಬೂಟಿನ ದಾರ ಕಟ್ಟುವ ನಟನೆ ಮಾಡಬೇಕು. ನಟನೆ ಸಾಲದಿದ್ದರೆ ಏನಾಗುತ್ತದೆಂಬುದಕ್ಕೆ 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್ಬಿ ಊರು ಸಾಕ್ಷಿ. ಅಲ್ಲಿ ರಸ್ತೆ ಬದಿಯ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ, ಜನರನ್ನು ತೆರವು ಮಾಡಿಸಿ, ತಜ್ಞರು ಬಂದು ಸ್ಫೋಟಿಸಿದರು. ಪ್ರಧ್ವಂಸಾಭಾವಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು.

ಭಾರತದ ಕಾನೂನಿನಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. 1878ರ ನಿಧಿ ಕಾಯಿದೆಯಂತೆ ನೆಲದಲ್ಲಿ, ಅಥವಾ ನೆಲಕ್ಕೆ ಕೂಡಿಸಿದ ವಸ್ತುವಿನಲ್ಲಿ, ಅಡಗಿರುವ ಬೆಲೆಯುಳ್ಳ ಪದಾರ್ಥವೆಲ್ಲ ನಿಧಿಯೇ. ಅದು ಹತ್ತು ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸತಕ್ಕದ್ದು. ಡಬ್ಬಿಯನ್ನು ಹೂಳುವಂತಿಲ್ಲವಾದ್ದರಿಂದ ನಾವು ಪಾರಾದೆವೆಂದು ಪೂರ್ವಪಕ್ಷ. ದೀಪದ ಕಂಬ ನೆಲಕ್ಕೆ ಕೂಡಿಸಿದ ವಸ್ತುವಲ್ಲವೇ ಎಂದು ಆಕ್ಷೇಪ. ಒಳಗಿರುವುದರ ಬೆಲೆ ಹತ್ತು ರೂಪಾಯಿ ಮುಟ್ಟುವುದಿಲ್ಲವೆಂದು ಸಿದ್ಧಾಂತ. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಹಿಡಿದು ಪಾಳುಗುಡಿಗಳ ಗರ್ಭಗೃಹ ಅಗೆಯುವ ನಮ್ಮ ನಿಧಿಗಳ್ಳರಿಗೆ ಈ ಶಾಸ್ತ್ರವನ್ನು ಯಾರಾದರೂ ಮೊದಲೇ ಕಲಿಸಿದ್ದರೆ ಎಷ್ಟೋ ಲಿಂಗಗಳು ಪಾಣಿಪೀಠದ ಮೇಲೆಯೇ ಉಳಿಯುತ್ತಿದ್ದವು. ಇದನ್ನು ಮಾತ್ರ ತಮಾಷೆಗೆ ಹೇಳಿದ್ದಲ್ಲ.

ಫಲಪ್ರಕರಣ

ಒಂದು ರಬ್ಬರ್ ಬಾತುಕೋಳಿ. ಅದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಬೇರೊಂದನ್ನು ಇಡಬೇಕು.

ಸೂಕ್ಷ್ಮತಾ ಪ್ರಕರಣ

ಈಗ ಪ್ರತಿಜ್ಞೆಯ ನಿಗಮನ. ತಪ್ಪು ನೂರು ಮೀಟರಿದ್ದಾಗ ಈ ಆಟ ಹುಟ್ಟಲಿಲ್ಲ, ಹುಡುಕುವುದಕ್ಕೆ ಕಾಡು ತೀರಾ ದೊಡ್ಡದಾಗುತ್ತಿತ್ತು. ತಪ್ಪು ಸೊನ್ನೆಯಾದರೂ ಆಟವಿಲ್ಲ, ಆಗ ಅದು ಅಂಚೆ ಬಟವಾಡೆ. ಹತ್ತು ಮೀಟರಿನ ಅಜ್ಞಾನದಲ್ಲಿ ಮಾತ್ರ ಅದು ಬದುಕುತ್ತದೆ. ಡಬ್ಬಿ ಬಚ್ಚಿಡುವವರು ಯಾವ ಪುಸ್ತಕವನ್ನೂ ಓದದೆಯೇ ಇದನ್ನು ಬಲ್ಲರು. ಯಂತ್ರಗಳು ಚುರುಕಾದಂತೆಲ್ಲ ಅವರು ಡಬ್ಬಿಯನ್ನು ಕುಗ್ಗಿಸುತ್ತ ಬಂದರು. ಬಕೆಟ್ಟು ಹೋಗಿ ಸೈನ್ಯದ ಹಳೆಯ ಮದ್ದುಗುಂಡಿನ ಪೆಟ್ಟಿಗೆ, ಅದು ಹೋಗಿ ಫಿಲ್ಮ್ ಡಬ್ಬಿ, ಅದೂ ಹೋಗಿ ‘ನ್ಯಾನೊ’ ಎಂಬ, ಕಿರುಬೆರಳ ತುದಿಯಷ್ಟಿರುವ ಅಯಸ್ಕಾಂತದ ಗುಬುಟು. ಉಪಗ್ರಹ ಕಳೆದ ಅಜ್ಞಾನವನ್ನು ಇವರು ಕೈಯಾರೆ ತುಂಬಿಕೊಡುತ್ತಿದ್ದಾರೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಬಾಹ್ಯಾಕಾಶ ಪ್ರವಾಸಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಒಂದು ಡಬ್ಬಿ ಸ್ಥಾಪಿಸಿದರು. ಅದು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಕಾರಣ ಸ್ಥಾನನಿರ್ಣಯ ಪ್ರಕರಣದ ಯಾವ ವಿಧಿಯೂ ಅದಕ್ಕೆ ಅನ್ವಯಿಸದು.

ಲೇಖನೀ ಪ್ರಕರಣ

ಡಬ್ಬಿ ಕಂಡರೆ ಸಾಲದು, ಚೀಟಿಯಲ್ಲಿ ಹೆಸರು ಬರೆದರೇ ಶೋಧ ಸಿಂಧು. ನ್ಯಾನೊದೊಳಗೆ ಪೆನ್ಸಿಲ್ ಹಿಡಿಸುವುದಿಲ್ಲ, ಸಾಧಕ ತಾನೇ ಪೆನ್ನು ತರಬೇಕು. ಯಂತ್ರ, ಬದಲಿ ಸೆಲ್ಲು, ನಕ್ಷೆ, ಚಿಮಟಿಗೆ, ನೀರಿನ ಬಾಟಲಿ ಎಲ್ಲವನ್ನೂ ಹೊತ್ತು ಬಂದವನು ಮರೆಯುವುದು ಇದೊಂದನ್ನೇ. ಹಾಗಾದಾಗ ಎಲೆಯ ರಸದಿಂದ ಬರೆಯಬಹುದೆಂದು ಒಂದು ಪಕ್ಷ, ಕೆಸರಿನಲ್ಲಿ ಅದ್ದಿದ ಕಡ್ಡಿಯಿಂದ ಗೀರಬಹುದೆಂದು ಇನ್ನೊಂದು ಪಕ್ಷ. ಡಬ್ಬಿಯ ಫೋಟೊ ತೆಗೆದು ಒಡೆಯನಿಗೆ ಕಳಿಸಿ ಕೈಮುಗಿಯಬೇಕೆಂದು ನವ್ಯರು. ಒಡೆಯ ಒಪ್ಪಲೇಬೇಕೆಂಬ ವಿಧಿ ಇಲ್ಲ. ಒಪ್ಪದಿದ್ದರೆ ಪೆನ್ನು ತೆಗೆದುಕೊಂಡು ಮತ್ತೆ ಹೋಗತಕ್ಕದ್ದು. ಬಾಣದ ಗುರುತು ಈ ಸಲವೂ ನದಿಯ ವಿಷಯ ಹೇಳುವುದಿಲ್ಲ.